ರೋಲು ತುಂಬುವವರೆಗೆ

ಮೊನ್ನೆ ಎದುರುಮನೆ ಟೀಚರ್ ಮಗಳು ಸಹನಾ ಮುಗಿದ ಫಿಲ್ಮ್ ರೋಲೊಂದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಓಡಿಬಂದಳು. "ತಾತ, ಬಿಚ್ಕೊಳ್ತಾ ಇದೆ, ಏನ್ಮಾಡ್ಲಿ?" ದಾವಣಗೆರೆಯಲ್ಲಿ ಚಿತ್ರಕಲೆ ಓದುವ ಹುಡುಗಿ. ಎಲ್ಲಿಂದಲೋ ಹಳೆಯ ಕ್ಯಾಮೆರಾ ಸಂಪಾದಿಸಿ, ಪೋಸ್ಟಿನಲ್ಲಿ ಕಪ್ಪು-ಬಿಳುಪಿನ ರೋಲು ತರಿಸಿಕೊಂಡಿದ್ದಾಳೆ. ನಾನು ರೋಲಿನ ತುದಿಯ ಗೋಂದಿನ ಪಟ್ಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿ ಸುತ್ತಿ ಅಂಟಿಸಿಬಿಟ್ಟೆ. ಹುಡುಗಿ "ಅಯ್ಯೇ!" ಎಂದು ಮುಖ ಕಿವುಚಿದಳು. ನಾನಾದರೋ ಆ ಗೋಂದಿನ ಚಪ್ಪೆ ಸಿಹಿಯನ್ನು ಚಪ್ಪರಿಸುತ್ತಾ ನಿಂತಿದ್ದೆ. ಈ ವಯಸ್ಸಿನಲ್ಲಿ ಗೋಂದು ತಿಂದು ಸುಖಪಡುವ ಮನುಷ್ಯನನ್ನು ನೀವೂ ನೋಡಿರಲಿಕ್ಕಿಲ್ಲ.

"ನಿಮ್ಮ ಕಾಲದಲ್ಲಿ ಇವು ಆರಾಮಾಗಿ ಸಿಗ್ತಿದ್ವಾ ತಾತ?" ಎಂದು ಕೇಳಿದಳು.

ಆರಾಮಾಗಿ! ಎಪ್ಪತ್ತರ ದಶಕದ ನಡುವೆ ನಾನು ಹೊಸದುರ್ಗದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸ್ಟುಡಿಯೋ ಇಟ್ಟಿದ್ದೆ. ಸ್ಟುಡಿಯೋ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ಪರದೆ, ಒಂದು ಕುರ್ಚಿ, ಎರಡು ಲೈಟು, ಹಿಂದೆ ನಾನು ಅಡ್ಡ ತಿರುಗಿದರೆ ಮೊಣಕೈ ಗೋಡೆಗೆ ತಾಗುವಷ್ಟು ಡಾರ್ಕ್ ರೂಮು. ಎಲ್ಲಕ್ಕಿಂತ ಮುಖ್ಯವಾಗಿ ಒಂದೇ ಒಂದು ಕ್ಯಾಮೆರಾ, ಅದೂ ಸೆಕೆಂಡ್ ಹ್ಯಾಂಡ್. ಕ್ಯಾಮೆರಾ ಇದ್ದರೆ ಸಾಕೇ? ಅದರ ಹೊಟ್ಟೆಗೆ ಹಾಕಲು ರೋಲು ಬೇಕಲ್ಲ. ಚಿತ್ರದುರ್ಗದ ಡೀಲರ್ ಸಾಹುಕಾರರ ಅಂಗಡಿಗೆ ಹೋದರೆ, ಅವರು ನನ್ನ ಮುಖ ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಬೆಂಗಳೂರಿಂದ್ಲೇ ಮಾಲು ಬಂದಿಲ್ಲ ಕಣಪ್ಪ" ಎನ್ನುತ್ತಿದ್ದರು. ಬಹಳ ಗೋಗರೆದರೆ ಒಂದು ರೋಲು ಹೊರಗೆ ಬರುತ್ತಿತ್ತು. ಅದರ ಜೊತೆಗೆ ಮಾರಾಟವಾಗದೆ ಧೂಳು ಹಿಡಿದ ಆಲ್ಬಮ್ಮುಗಳನ್ನೂ ತಗೊಳ್ಳಲೇಬೇಕು. ನಮ್ಮಮ್ಮ ಆ ಆಲ್ಬಮ್ಮುಗಳಿಗೆ ಕ್ಯಾಲೆಂಡರಿನ ದೇವರುಗಳನ್ನೆಲ್ಲ ಕತ್ತರಿಸಿ ಅಂಟಿಸಿ, ಕೊನೆಗೆ ದೇವರುಗಳೇ ಸಾಲದೆ ಸೋಪಿನ ಜಾಹೀರಾತಿನ ಹೆಂಗಸರಿಗೂ ಜಾಗ ಕೊಟ್ಟಿದ್ದಳು.

ಚಿತ್ರದುರ್ಗದಲ್ಲಿ ಇಲ್ಲವೆಂದರೆ ಹಿರಿಯೂರು. ಅಲ್ಲಿ ಹೈವೇ ಪಕ್ಕದಲ್ಲಿ ನನ್ನ ಸ್ನೇಹಿತನದೊಂದು ಸ್ಟುಡಿಯೋ. ಬೊಂಬಾಯಿ ಕಡೆಯ ಲಾರಿ ಡ್ರೈವರುಗಳು ಅವನಿಗೆ ಆಗಾಗ ರೋಲು ತಂದುಕೊಡುತ್ತಿದ್ದರು. ಅರ್ಧಕ್ಕರ್ಧ ಡೇಟು ಮುಗಿದವು. ಅದರಲ್ಲಿ ತೆಗೆದರೆ ಮದುಮಗಳು ಬೂದಿ ಬಳಿದುಕೊಂಡ ಸನ್ಯಾಸಿನಿಯ ಹಾಗೆ ಬರುತ್ತಿದ್ದಳು. ಅಲ್ಲೂ ಇಲ್ಲದಿದ್ದರೆ ಹೊಳಲ್ಕೆರೆ. ಅಲ್ಲಿಯ ಮದುವೆ ಫೋಟೋಗ್ರಾಫರ್ "ಒಂದೂ ಇಲ್ಲ ಗುರುವೇ" ಎನ್ನುತ್ತಲೇ ಬೀರುವಿಗೆ ಬೀಗ ಹಾಕಿ ಕೀ ಜೇಬಿಗಿಳಿಸುತ್ತಿದ್ದ. ನನಗೇನೂ ಕೋಪವಿಲ್ಲ. ಅವನು ನನ್ನ ಅಂಗಡಿಗೆ ಬಂದಾಗ ನಾನೂ ಅದನ್ನೇ ಮಾಡುತ್ತಿದ್ದೆ.

ಹೀಗಾಗಿ ಒಂದು ರೋಲು ಎಂದರೆ ಹನ್ನೆರಡು ಫೋಟೋ, ಅದರಲ್ಲಿ ಒಂದೂ ದಂಡವಾಗಬಾರದು. ಹನ್ನೆರಡೂ ಮುಗಿಯದೆ ಕ್ಯಾಮೆರಾದ ಬೆನ್ನು ತೆಗೆಯುವ ಮಾತೇ ಇಲ್ಲ. ನಡುವೆ ತೆಗೆದರೆ ಉಳಿದದ್ದು ಬೆಳಕು ಕುಡಿದು ಹಾಳು. ಫೋಟೋ ತೆಗೆಸಿಕೊಂಡವರು ವಾರಗಟ್ಟಲೆ ಬಾಗಿಲಿಗೆ ಬಂದು "ಆಯ್ತಾ?" ಎನ್ನುವುದು, ನಾನು ತಲೆಯನ್ನೂ ಎತ್ತದೆ "ರೋಲು ತುಂಬಿಲ್ಲ" ಎನ್ನುವುದು. ಸೀಟು ತುಂಬುವವರೆಗೆ ಹೊರಡದ ಪ್ರೈವೇಟ್ ಬಸ್ಸಿನ ಕಂಡಕ್ಟರನ ಗತ್ತು ನನಗೂ ಬಂದುಬಿಟ್ಟಿತ್ತು.

ಅಂಥದೊಂದು ರೋಲು ಕ್ಯಾಮೆರಾದಲ್ಲಿದ್ದಾಗ, ಸುಗ್ಗಿ ಮುಗಿದ ಹೊತ್ತಿಗೆ, ಶ್ರೀರಾಂಪುರದ ಕಡೆಯ ಹಟ್ಟಿಯ ಕುರಿಗಾರ ಕೆಂಚಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕೆನ್ನೆಯ ಮೇಲೆ ಹದಿನೈದು ದಿನದ ಗಡ್ಡ. "ಒಂದು ಪಟ ತಗೀರಿ. ಕುರಿ ಹಿಂದೆ ಹೋದ್ರೆ ನಿನ್ನ ಮಖನೇ ಮರ್ತೋಗ್ತೈತೆ ಅಂತ ನಮ್ಮನೆಯಾಕೆ ಮೂರೊತ್ತೂ ಅಂತಾಳೆ" ಎಂದು ನಾಚಿಕೊಂಡ. ಬೇಸಿಗೆಗೆ ಅವರೆಲ್ಲ ಮಂದೆ ಹೊಡೆದುಕೊಂಡು ಭದ್ರಾ ಚಾನಲ್ ನೀರಿನ ಗದ್ದೆಗಳ ಕಡೆ ಹೋಗಿ, ಮಳೆ ಬಿದ್ದ ಮೇಲೆ ತಿರುಗುವವರು.

"ಎದುರಿಗೇ ಕಟಿಂಗ್ ಶಾಪ್ ಐತೆ, ಗಡ್ಡ ತೆಗೆಸ್ಕಂಡು ಬರ್ರಿ" ಎಂದೆ.

"ಮಂದೆ ಆಚೆ ನಿಂತೈತೆ, ಹಂಗೇ ಒತ್ರಿ ಅತ್ಲಾಗೆ."

ಒತ್ತಿದೆ. ರೋಲು ತುಂಬಿಲ್ಲ, ಬರುವಾಗ ಒಯ್ಯಿರಿ ಎಂದೆ. ಆಮೇಲೆ ಹೊಸ ರೋಲು ಎಲ್ಲೂ ಸಿಗಲಿಲ್ಲ. ಬೇಸಿಗೆಯ ಮದುವೆಯೊಂದಕ್ಕೆ ಒಪ್ಪಿಕೊಂಡಿದ್ದೆ. ಅದಕ್ಕಾಗಿ ಉಳಿದ ಜಾಗವನ್ನು ಕಾಯ್ದಿಡುತ್ತಾ ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದೆ. ಸ್ಟುಡಿಯೋ ಇಟ್ಟುಕೊಂಡು ಫೋಟೋ ತೆಗೆಯೋದಿಲ್ಲ ಎಂದು ಜಗಳವಾಡುವವನು ತಾಲ್ಲೂಕಿನಲ್ಲಿ ನಾನೊಬ್ಬನೇ ಇದ್ದೆ.

ಬಿಸಿಲು ಜೋರಾದ ಮೇಲೆ ಒಂದು ಸಂತೆ ದಿನ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಂತಳು. "ಏನಪ್ಪಾ, ಕೆಂಚಪ್ಪಂದು ಪಟ ನಿನ್ನತ್ರ ಐತಂತೆ?"

"ರೋಲು ತುಂಬಿಲ್ಲ ಕಣಕ್ಕ" ಎಂದೆ, ವಾಡಿಕೆಯಂತೆ ತಲೆಯೆತ್ತದೆ.

"ನಾನು ಅವ್ರ ಮನೆಯಾಕೆ, ಹನುಮಕ್ಕ ಅಂತ. ಅವ್ರು ತೀರ್ಕಂಡ್ರು."

ಚಾನಲ್ಲಿನ ಕಡೆ ಜ್ವರ ಬಂದು ಹೋಗಿಬಿಟ್ಟಿದ್ದ. ಕೊನೆಗಾಲದಲ್ಲಿ ಪಕ್ಕದಲ್ಲಿದ್ದದ್ದು ಕುರಿ ಕಾಯುವ ನಾಯಿ ಒಂದೇ. ಜೊತೆಯ ಕುರಿಗಾರರು ಮುಂದಿನ ಬೀಡಿನಿಂದ ತಿರುಗಿ ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಬಿಸಿಲಲ್ಲಿ ಕಾಯುವಂತಿರಲಿಲ್ಲ, ಹೇಳಿಕಳಿಸುವುದಕ್ಕೆ ದಾರಿಯೂ ಇರಲಿಲ್ಲ. ಅಲ್ಲೇ ಬದುವಿನ ಪಕ್ಕ ಮಣ್ಣು ಮಾಡಿ, ಕಂಬಳಿ ಮತ್ತು ನಾಯಿಯನ್ನು ಊರಿಗೆ ತಂದರು. ನಮ್ಮ ಕಡೆ ಸತ್ತವರ ಮುಖ ನೋಡದಿದ್ದರೆ ಮನೆಯವರ ಪಾಲಿಗೆ ಅದು ಸಾವೂ ಅಲ್ಲ, ಬದುಕೂ ಅಲ್ಲ. ಹನುಮಕ್ಕ ಒಂದು ಹನಿ ಅತ್ತಿರಲಿಲ್ಲವಂತೆ. ಬಳೆ ತೆಗೆಸಲು ಬಂದ ಹೆಂಗಸರನ್ನು "ಯಾರು ಸತ್ತಿರೋದು? ನಾನು ಮಖ ನೋಡಿದ್ನಾ?" ಎಂದು ಕೇಳಿ ಹೊರಗೆ ಕಳಿಸಿದ್ದಳಂತೆ. ಈಗ ಆ ಮುಖ ಇದ್ದದ್ದು ಭೂಮಿಯ ಮೇಲೆ ಒಂದೇ ಕಡೆ, ನನ್ನ ಕ್ಯಾಮೆರಾದೊಳಗೆ.

ಮದುವೆ ಹಾಳಾಗಲಿ ಎಂದುಕೊಂಡು, "ಕುಂತ್ಕಳಕ್ಕ, ಉಳಿದದ್ದನ್ನ ಈ ಗೋಡೆಗೆ ಒತ್ತಿ ಮುಗಿಸಿ ಇವತ್ತೇ ತೊಳೆದು ಕೊಡ್ತೀನಿ" ಎಂದೆ.

ಅವಳು ಕೂರಲಿಲ್ಲ. "ಅದ್ರಾಗೆ ಅವ್ರ ಜತಿಗೆ ಯಾರ್ಯಾರು ಅವ್ರೆ?" ಎಂದಳು.

ಒಬ್ಬ ಮೇಷ್ಟ್ರು, ಹೊಸದಾಗಿ ಮದುವೆಯಾದ ಜೋಡಿ, ಅರ್ಜಿಗೆ ಅಂಟಿಸಲು ತೆಗೆಸಿಕೊಂಡವರು ಒಬ್ಬಿಬ್ಬರು ಎಂದೆ.

"ನಮ್ಮೋರು ಯಾರೂ ಇಲ್ಲ?"

"ಇಲ್ಲ."

"ಅಲ್ಲೂ ಒಬ್ರೇ ಹೋದ್ರು, ಇಲ್ಲೂ ಒಬ್ರೇ ಕುಂತವ್ರೆ. ಪಕ್ಕದಾಗೆ ಗ್ವಾಡೆ ಕುಂದ್ರುಸ್ಬ್ಯಾಡ ಕಣಪ್ಪ. ನಮ್ಮ ಜನನ ಕರ್ಕಂಡ್ ಬತ್ತೀನಿ, ಅವರು ಕುಂತ್ಕಳ್ಳಿ. ಅಲ್ಲೀಗಂಟ ಅದನ್ನ ತಗೀಬ್ಯಾಡ. ಹೆಪ್ಪು ಹಾಕಿದ ಹಾಲು ಅರ್ಧಕ್ಕೇ ಕದಡಿದ್ರೆ ಮೊಸ್ರಾಗ್ತೈತಾ?"

ಫಿಲ್ಮು ಬೇರೆ, ಮೊಸರು ಬೇರೆ ಎಂದು ವಿವರಿಸುವ ಧೈರ್ಯ ನನಗಾಗಲಿಲ್ಲ. ಹೂಂ ಎಂದೆ.

ಆದರೆ ಹಟ್ಟಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬರುವುದಾದರೂ ಹೇಗೆ? ಪಟ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಮೊದಲೇ ಅವರಿಗೆ ಅನುಮಾನ. ಈಗ ಕೆಂಚಪ್ಪ ಪಟ ತೆಗೆಸಿಕೊಂಡು ಹೋಗಿ ಸತ್ತು ಅದನ್ನು ಖಾತ್ರಿ ಮಾಡಿದ್ದ. ಜೀವ ಇರುವವರು ಸತ್ತವನ ಪಕ್ಕ ಅದೇ ಪೆಟ್ಟಿಗೆಯಲ್ಲಿ ಕೂರುವುದುಂಟೇ? ಮಾತು ಹಟ್ಟಿಯಿಂದ ಸಂತೆಗೆ, ಸಂತೆಯಿಂದ ಹೊಸದುರ್ಗದ ಪೇಟೆಗೆ ಬಂತು. ಮದುವೆಯವರು ಬಂದು, "ತಪ್ಪು ತಿಳ್ಕಬ್ಯಾಡ್ರಿ, ಹೆಣ ಇರೋ ಕ್ಯಾಮೆರಾ ನಮ್ಮ ಶುಭಕಾರ್ಯಕ್ಕೆ ಬ್ಯಾಡ" ಎಂದು ಕೈಮುಗಿದು ಹೋದರು. ಅದೇ ವಾರ ಚಿತ್ರದುರ್ಗದ ಸಾಹುಕಾರರು ಹೇಳಿಕಳಿಸಿದರು: ರೋಲು ಬಂದೈತೆ, ಎಷ್ಟು ಬೇಕಾದ್ರೂ ತಗಂಡು ಹೋಗು. ನೋಡಿ, ಹಣೆಬರಹ ಅಂದರೆ ಇದು. ತೆಗೆಸಿಕೊಳ್ಳುವವರಿದ್ದಾಗ ರೋಲು ಇರಲಿಲ್ಲ. ರೋಲು ಬಂದಾಗ ಒಂದು ಮುಖವೂ ಇಲ್ಲ. ಇದ್ದೊಂದು ಕ್ಯಾಮೆರಾದಲ್ಲಿ ಕೆಂಚಪ್ಪ ಏಳಲಾರೆ ಎಂದು ಕೂತಿದ್ದ.

ಮುಂದಿನ ಸಂತೆಗೆ ಹನುಮಕ್ಕ ಒಬ್ಬಳೇ ಬಂದಳು. ಸೀದಾ ಹೋಗಿ ಕುರ್ಚಿಯ ಮೇಲೆ ಕೂತು, ಬಳೆ ಕಾಣುವಂತೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಳು. "ಸಾಯೋದಾದ್ರೆ ನಾನೇ ಮೊದ್ಲು ಸಾಯ್ತೀನಿ. ಒತ್ತಪ್ಪ."

ಒತ್ತಿದೆ. ನಂಬಿಕೆಯಿಲ್ಲ ಎಂದು ಬಾಯಲ್ಲಿ ಹೇಳುವುದು ಸುಲಭ. ಅದರ ಮುಂದಿನ ಸಂತೆಯವರೆಗೆ ಅವಳಿಗೆ ಏನೂ ಆಗದಿರಲಿ ಎಂದು ನಾನು ದಿನಾ ಬೆಳಗ್ಗೆ ನಮ್ಮಮ್ಮನ ಆಲ್ಬಮ್ಮಿನ ದೇವರುಗಳಿಗೆಲ್ಲ ಕೈಮುಗಿದೆ.

ಅವಳು ಬಂದಳು. ಬಾಗಿಲಲ್ಲಿ ನಿಂತು, "ನೋಡು, ಸತ್ತಿಲ್ಲ" ಎಂದಳು. ಅಷ್ಟು ಸಾಲದೆಂದು ಸಂತೆಯೊಳಗೆ ಹೋಗಿ ಹಟ್ಟಿಯ ಒಬ್ಬೊಬ್ಬ ಗಂಡಸಿನ ಎದುರಿಗೂ ನಿಂತು, "ಲೇ, ನಾನು ಬದುಕಿಲ್ವೇನ್ರೋ? ಮೀಸೆ ಯಾಕೆ ಬಿಟ್ಟೀರ?" ಎಂದು ಕೇಳಿದಳಂತೆ. ಅವತ್ತು ಕೆಂಚಪ್ಪನ ಅಣ್ಣ ಓಬಣ್ಣ ಬಂದ. ಕಣ್ಣು ಮುಚ್ಚಿ, ಉಸಿರು ಹಿಡಿದು ಕೂತ. ಕಣ್ಣು ಬಿಡ್ರಿ ಎಂದು ಬೇಡಿಕೊಳ್ಳಬೇಕಾಯಿತು. ಒತ್ತಿದ ಮೇಲೆ ಮೆಲ್ಲಗೆ ಎದೆ ಮುಟ್ಟಿ ನೋಡಿಕೊಂಡು, "ಐತೆ" ಎಂದು ಎದ್ದುಹೋದ. ಆಮೇಲೆ ಧೈರ್ಯ ಒಬ್ಬರಿಂದೊಬ್ಬರಿಗೆ ಅಂಟಿತು. ಕೆಂಚಪ್ಪನ ತಂಗಿ, ಚಿಕ್ಕಪ್ಪ, ಅವನನ್ನು ಮಣ್ಣು ಮಾಡಿದ ಜೊತೆಗಾರ ಕುರಿಗಾರರು, ಒಬ್ಬೊಬ್ಬರಾಗಿ ಬಂದು ಕೂತರು. ಯಾರೂ ತಲೆ ಬಾಚಿಕೊಳ್ಳಲಿಲ್ಲ, ಕನ್ನಡಿ ಕೇಳಲಿಲ್ಲ. ನನ್ನ ಸ್ಟುಡಿಯೋದಲ್ಲಿ ಅದುವರೆಗೆ ಕನ್ನಡಿ ಕೇಳದೆ ಯಾರೂ ಕೂತದ್ದಿಲ್ಲ.

ಕೊನೆಯದೊಂದು ಉಳಿಯಿತು. ಹನುಮಕ್ಕ ನಾಯಿಯನ್ನು ಕರೆತಂದಳು. "ಕಡೇಗೆ ಅವ್ರ ಜತಿಗಿದ್ದುದ್ದು ಇದೇ. ಇದು ಬ್ಯಾಡ್ವಾ?" ನಾಯಿ ಕುರ್ಚಿ ಹತ್ತಲು ಒಪ್ಪದೆ ಲೈಟು ನೋಡಿ ಬೊಗಳಿತು. ಅವಳು ಕೆಂಚಪ್ಪನ ಕಂಬಳಿಯನ್ನು ಕುರ್ಚಿಗೆ ಹಾಸಿದ ಮೇಲೆ ತಾನಾಗಿಯೇ ಹತ್ತಿ, ಮೂಸಿ, ತೆಪ್ಪಗೆ ಕೂತಿತು. ಒತ್ತಿದೆ. ರೋಲು ತುಂಬಿತು.

ಅವತ್ತು ಬೆಳಗಿನಿಂದ ಹಟ್ಟಿಯವರೆಲ್ಲ ಬಂದು ಅಂಗಡಿಯ ಮುಂದಿನ ಜಗಲಿಯಲ್ಲಿ ಕೂತೇ ಇದ್ದರು. ಮಡಕೆಯ ತಣ್ಣೀರಿನಲ್ಲಿ ಮದ್ದು ಕಲಸಿ ಫಿಲ್ಮ್ ತೊಳೆದೆ. ಬಿಸಿಲಿಗೆ ಬೆಂದ ಆ ರೋಲಿನಲ್ಲಿ ಏನೂ ಮೂಡಿರದಿದ್ದರೆ? ಹೊರಗೆ ಹೋಗಿ ಆ ಹೆಂಗಸಿಗೆ ಏನು ಹೇಳಲಿ? ಮಧ್ಯಾಹ್ನ ಕೆಂಪು ದೀಪದ ಕೆಳಗೆ, ಟ್ರೇಯ ಮದ್ದಿನಲ್ಲಿ ಅದ್ದಿದ ಕಾಗದದ ಮೇಲೆ ಮೊದಲು ಕಂಬಳಿ ಮೂಡಿತು. ಆಮೇಲೆ ಗಡ್ಡ. ಆಮೇಲೆ ನಾಚಿಕೊಂಡ ಕಣ್ಣು.

ಒಣಗುವವರೆಗೆ ಕಾಯಲು ಆಗಲಿಲ್ಲ. ಒದ್ದೆ ಒದ್ದೆಯಾಗಿಯೇ ತಂದು ಕುರ್ಚಿಯ ಮೇಲಿನ ಕಂಬಳಿಗೆ ಒರಗಿಸಿದೆ. ಹನುಮಕ್ಕ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬೈದಳು. "ಥೂ ನಿನ್ನ! ಗಡ್ಡನಾದ್ರೂ ಕೆರೆಸ್ಕಂಡು ಕುಂತ್ಕಬಾರ್ದಾಗಿತ್ತಾ? ಹಿಂಗೇ ಹೋಗ್ಬಿಟ್ಯಾ?" ಅಷ್ಟಂದದ್ದೇ, ಅಳು ಒಡೆಯಿತು. ತಿಂಗಳುಗಟ್ಟಲೆ ತಡೆದಿಟ್ಟದ್ದೆಲ್ಲ ಬಂತು. ಕೆಂಚಪ್ಪನ ಒಂದೊಂದು ಗುಣವನ್ನೂ ಹಾಡಿ ಹಾಡಿ ಅತ್ತಳು. ಅವನ ತಂಗಿ ದನಿಗೂಡಿಸಿದಳು. ಎದುರಿನ ಟೀ ಅಂಗಡಿಯವನು ಸ್ಟವ್ ಆರಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಬಸ್ಸಿಗೆ ಕಾಯುತ್ತಿದ್ದವರು ಬಂದರು. ಪಕ್ಕದ ಅಂಗಡಿಯವರು ಹೂವು ತಂದರು. ಗುರುತಿಲ್ಲದವರೂ ಸಾಲಾಗಿ ಬಂದು ಮುಖ ನೋಡಿ, ಕೈಮುಗಿದು ಹೋದರು. ಅವತ್ತು ನನ್ನ ಸ್ಟುಡಿಯೋ ಸಾವಿನ ಮನೆಯಾಗಿತ್ತು, ನಾನು ಮನೆಯವನಂತೆ ಬಾಗಿಲಲ್ಲಿ ನಿಂತಿದ್ದೆ. ಸಂಜೆ ಹನುಮಕ್ಕ ತಾನಾಗಿಯೇ ಬಳೆ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು, ಪಟವನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು.

ಕಥೆ ಮುಗಿದ ಮೇಲೆ ಸಹನಾ, ಆ ರೋಲಿಗೆ ಕೂತ ಬೇರೆಯವರ ಫೋಟೋಗಳು ಏನಾದವು ಎಂದು ಕೇಳಿದಳು. ಎಲ್ಲ ನನ್ನ ಹತ್ತಿರವೇ ಇವೆ. ಎಲ್ಲರದನ್ನೂ ಪ್ರಿಂಟ್ ಹಾಕಿಟ್ಟು, ಯಾರೂ ಬರದಿದ್ದಾಗ ಸಂತೆಯಲ್ಲಿ ಓಬಣ್ಣನನ್ನು ಹಿಡಿದು ನಿಲ್ಲಿಸಿದ್ದೆ. "ನಿಮ್ಮ ಪಟಗಳು ರೆಡಿ ಅವೆ, ಒಯ್ಯಿರಿ."

"ನಮ್ ಮಖ ನಮಗ್ಯಾಕಪ್ಪ?" ಎಂದಿದ್ದ ಅವನು. "ನಮ್ಮ ಹುಡುಗನ ಮಣ್ಣಿಗೆ ಹೋಗಕಾಗಿರ್ಲಿಲ್ಲ. ಅದಕ್ಕೇ ಬಂದು ಕುಂತಿದ್ವಿ."

ಇಷ್ಟು ವರ್ಷ ನಾನು ಇದನ್ನು ಫಿಲ್ಮಿನ ಅಭಾವದ ಕಥೆಯೆಂದೇ ಹೇಳಿಕೊಂಡು ತಿರುಗಿದ್ದೇನೆ. ಮೊನ್ನೆ ಆ ಹುಡುಗಿಯ ಎದುರು ಹೇಳುವಾಗ ಮೊದಲ ಸಲ ಇನ್ನೊಂದು ಹೊಳೆಯಿತು. ಆ ಸುಗ್ಗಿಯಲ್ಲಿ ರೋಲುಗಳು ಧಾರಾಳವಾಗಿ ಸಿಕ್ಕಿದ್ದರೆ ಕೆಂಚಪ್ಪನ ಪಟ ಆ ವಾರವೇ ಅವನ ಮನೆ ಸೇರುತ್ತಿತ್ತು. ಹನುಮಕ್ಕ ಅದನ್ನು ಗೋಡೆಗೆ ಸಿಕ್ಕಿಸುತ್ತಿದ್ದಳು. ಅವನು ಮಾತ್ರ ಅಲ್ಲಿ, ಗುರುತಿಲ್ಲದ ಯಾವುದೋ ಗದ್ದೆಯ ಬದುವಿನಲ್ಲಿ, ಒಬ್ಬನೇ ಉಳಿದುಬಿಡುತ್ತಿದ್ದ.