ಅಕ್ಕೋರು ಹೊಲಿದ ಪುಸ್ತಕ

ನಮ್ಮೂರ ಶಾಲೆಯ ಅಕ್ಕೋರು ಹೋದ ತಿಂಗಳು ವಿಜಯವಾಡದಲ್ಲಿ ತೀರಿಕೊಂಡರು. ತೊಂಬತ್ತು ದಾಟಿತ್ತು. ಒಳ್ಳೆಯ ಮಾತನ್ನೆಲ್ಲ ಬೇರೆಯವರು ಆಡಿ ಮುಗಿಸಿದ್ದಾರೆ. ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು ಉಳಿದದ್ದನ್ನು ಬರೆಯುತ್ತೇನೆ.

ಆ ಒಳ್ಳೆಯ ಮಾತು ಸುಳ್ಳಲ್ಲ. ಕಣ್ಣು ಹಾಯಿಸಿದಷ್ಟು ದೂರ ಒಂದು ಮರವಿಲ್ಲದ ಎರೆಹೊಲದ ಬಯಲು ನಮ್ಮದು. ಅಲ್ಲಿಗೆ ಒಂಟಿ ಹೆಂಗಸಾಗಿ ಬಂದು, ಮದುವೆಯಾಗದೆ, ಹಗಲು ಪಾಠ ಹೇಳಿ, ಸಂಜೆ ಶಾಲೆಯ ಪಕ್ಕದ ಕೋಣೆಯಲ್ಲಿ ಲೈಬ್ರರಿ ನಡೆಸಿದರು. ಹತ್ತಿ ಬಿಡಿಸುವ ಹೆಂಗಸರಿಗೆ ಹೊಲಕ್ಕೇ ಹೋಗಿ ಕತೆ ಓದಿ ಹೇಳುತ್ತಿದ್ದರು. ಹರಿದ ಪುಸ್ತಕಗಳನ್ನು ಮನೆಗೆ ಒಯ್ದು, ದಬ್ಬಳದಿಂದ ಹೊಲಿದು, ಮೈದಾ ಅಂಟು ಹಚ್ಚಿ, ಬೆನ್ನಿಗೆ ಹಳೆ ಸೀರೆಯ ಅಂಚು ಕೂಡಿಸುತ್ತಿದ್ದರು. ಹೋದ ಬಂದ ಪುಸ್ತಕಗಳನ್ನು ವಹಿಯಲ್ಲಿ ಬರೆದುಕೊಂಡು, ತಿರುಗಿ ಕೊಡದವರ ಹೆಸರನ್ನು ಲೈಬ್ರರಿಯ ಬಾಗಿಲ ಮೇಲೆ ಬರೆದು ಹಾಕುವುದೂ ಅವರದೇ ಪದ್ಧತಿ.

ಒಂದು ದಿನ ಅಲ್ಲಿ ನನ್ನ ಹೆಸರು ಬಂತು.

“ಮೇಜಿನ ಮ್ಯಾಲ ಇಟ್ಟೀನ್ರಿ ಅಕ್ಕೋರ.”

“ಇಟ್ಟಿದ್ರ ವಹಿಯಾಗ ಇರತಿತ್ತು. ಸುಳ್ಳು ಬ್ಯಾರೆ ಕಲ್ತಿ?”

ನಮ್ಮಪ್ಪ ಗೌಂಡಿ, ಗೋಡೆ ಕಟ್ಟುವವನು. ಓದು ಬಾರದವನು. ಕೆಲಸದಿಂದ ಬರುವಾಗ ಕಟ್ಟೆಯ ಮೇಲಿನವರು ಕೂಗಿದರು, “ಗೌಂಡಿ, ನಿನ್ನ ಮಗ ಬಾಗಲಾ ಹತ್ಯಾನ ನೋಡೋ! ಊರಿಗೇ ದೊಡ್ಡಾಂವ ಆದ!” ಅಪ್ಪ ಬಾಗಿಲ ಮುಂದೆ ನಿಂತು, “ಇದರಾಗ ಅವನ ಹೆಸರು ಯಾವ್ದು, ತೋರಿಸ್ರಿ” ಎಂದು ಕೇಳಿದನಂತೆ. ನನ್ನನ್ನು ಹೊಡೆಯಲಿಲ್ಲ. ಮರುದಿನದಿಂದ ಊರ ಹಿಂದಿನ ದಾರಿ ಸುತ್ತಿ ಕೆಲಸಕ್ಕೆ ಹೋದ. ನಾನು ತಿಂಗಳೊಳಗೆ ಶಾಲೆ ಬಿಟ್ಟು, ಕೂಲಿಯವರ ಜೊತೆ ವಿಶಾಖಪಟ್ಟಣದ ರೈಲು ಹತ್ತಿದೆ. ವೆಲ್ಡಿಂಗ್ ಕಲಿತೆ. ಇವತ್ತು ಅಲ್ಲೇ ಗಾಜುವಾಕದಲ್ಲಿ ನನ್ನದೇ ಶೆಡ್ಡಿದೆ. ನಾನು ಹಾಕಿದ ಬೆಸುಗೆ ಬಿಟ್ಟುಕೊಂಡದ್ದಿಲ್ಲ.

ಆರು ವರ್ಷದ ಹಿಂದೆ ಕನ್ನಡದವರ ಮದುವೆಯೊಂದರಲ್ಲಿ ಸುದ್ದಿ ಕಿವಿಗೆ ಬಿತ್ತು. ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಹೋದ ತಮ್ಮ ತಂಗಿಯ ಹತ್ತಿರ ಮುದುಕಿ ಟೀಚರೊಬ್ಬರು ಬಂದಿದ್ದಾರೆ, ಮಹಡಿಯಲ್ಲಿ ಕನ್ನಡ ಲೈಬ್ರರಿ ತೆಗೆಯುತ್ತಾರಂತೆ. ಊರು ಯಾವುದೆಂದು ಕೇಳಿದೆ. ನಮ್ಮೂರೇ. ಕಬ್ಬಿಣದ ರ‍್ಯಾಕು ನಾನು ಮಾಡಿಕೊಡುತ್ತೇನೆಂದೆ. ಭಕ್ತಿಯಿಂದಲ್ಲ. ಎದುರು ನಿಂತು ಕೇಳುವುದಿತ್ತು.

ನನ್ನ ಗುರುತು ಅವರಿಗೆ ಹತ್ತಲಿಲ್ಲ. ರ‍್ಯಾಕು ನಿಲ್ಲಿಸಿದ ಮೇಲೆ ಟ್ರಂಕಿನಿಂದ ಪುಸ್ತಕ ತೆಗೆದು ನನ್ನ ಕೈಗೆ ಕೊಡುತ್ತ ಹೋದರು. ಸೀರೆಯಂಚಿನ ಬೆನ್ನಿನ ಒಂದು ಪುಸ್ತಕ ಬಂತು. ಒಳಗೆ ನಮ್ಮ ಶಾಲೆಯ ಮುದ್ರೆ, ಅಂಟಿಸಿದ ಚೀಟಿಯಲ್ಲಿ ಕೊನೆಯ ಹೆಸರು ನನ್ನದು.

“ಈ ಕಳ್ಳ ಯಾರ್ರಿ ಅಕ್ಕೋರ?” ಎಂದೆ.

ಕನ್ನಡಕ ಏರಿಸಿ ನನ್ನ ಮುಖ ನೋಡಿದರು. ಗುರುತು ಹತ್ತಿತು. “ಹೊಲಿಯಾಕಂತ ಮನಿಗೆ ಒಯ್ದಿದ್ದೆ ತಮ್ಮಾ. ವಹಿಯಾಗ ಬರಕೊಳ್ಳೋದು ಮರತೆ.”

“ಯಾವಾಗ ಗೊತ್ತಾತ್ರಿ?”

“ಆ ವರ್ಷಾನ. ನೀ ಊರು ಬಿಟ್ಟಿದ್ದಿ.”

“ನಮ್ಮಪ್ಪ ಊರಾಗ ಇದ್ನಲ್ರಿ.”

ಅಪ್ಪ ಸಾಯುವವರೆಗೂ ಹಿಂದಿನ ದಾರಿಯಲ್ಲೇ ತಿರುಗಿದ. ಒಂದು ಮಾತು ಹೇಳಲು ಇವರಿಗೆ ನಾಲ್ಕು ಹೆಜ್ಜೆ ನಡೆಯಲಾಗಲಿಲ್ಲ.

ಲೈಬ್ರರಿ ತೆರೆದ ದಿನ ಮಹಡಿ ತುಂಬ ಜನ. ಆಸ್ಪತ್ರೆ, ಕಂಪನಿ ಕೆಲಸಕ್ಕೆ ಕರ್ನಾಟಕದಿಂದ ಬಂದ ಹುಡುಗರು ನಾಲ್ಕೈದು. ಮಿಕ್ಕವರು ಇಲ್ಲೇ ಹುಟ್ಟಿದವರು, ಅವರ ಕನ್ನಡ ಅಜ್ಜಿಯ ಜೊತೆ ಆಡುವಷ್ಟೇ. ಎಲ್ಲರೂ ಅಕ್ಕೋರನ್ನು ಹೊಗಳಿದ ಮೇಲೆ ನಾನು ಎದ್ದೆ. ನಮ್ಮೂರ ಮಾತಿನಲ್ಲೇ ಎಲ್ಲ ಹೇಳಿದೆ. ಬಾಗಿಲು, ವಹಿ, ಅಪ್ಪ, ಒಂದೂ ಬಿಡಲಿಲ್ಲ. ಮುಗಿಸಿದಾಗ ಜೋರು ಚಪ್ಪಾಳೆ. “ಸೂಪರ್ ಅಂಕುಲ್!” ಎಂದಳು ಒಬ್ಬಳು. ಮಾತು ತಿಳಿಯದೆ, ಹಳೆಯ ಶಿಷ್ಯ ಗುರುವನ್ನು ಹೊಗಳಿದನೆಂದುಕೊಂಡಿದ್ದರು. ಮೈ ಉರಿಯಿತು. ಮೊದಲಿನಿಂದ ತೆಲುಗಿನಲ್ಲಿ ಹೇಳಿದೆ. ಆಗ ಮಹಡಿ ಸುಮ್ಮನಾಯಿತು.

ಅಕ್ಕೋರು ಕುರ್ಚಿ ಹಿಡಿದು ಎದ್ದರು. “ಅಂವ ಹೇಳಿದ್ದು ಖರೇ. ತಪ್ಪು ನಂದು” ಎಂದರು.

ಮತ್ತೆ ಚಪ್ಪಾಳೆ. ಎಂಥ ದೊಡ್ಡ ಮನಸ್ಸು ಎಂದು ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಅಪ್ಪನ ಅವಮಾನದಿಂದ ಅವರಿಗೆ ಇನ್ನೊಂದು ಹಾರ ಬಿತ್ತು.

ಆಮೇಲೆ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದರು.

“ಸಿಟ್ಟು ಹೋತೇನೋ ತಮ್ಮಾ?”

“ಇಲ್ರಿ.”

“ಆಯ್ತು. ಊಟ ಮಾಡಿದಿ?”

“ಮಾಡೀನ್ರಿ.”

ಆರು ವರ್ಷ ಇಷ್ಟೇ ಮಾತು. ಕೊನೆಯ ಸಲ ದನಿ ಕ್ಷೀಣವಾಗಿತ್ತು. ಆಗಲೂ ಇಲ್ಲವೆಂದೆ. ಸಾಯುವವರಿಗೆ ಹೌದೆನ್ನಬಾರದಿತ್ತೇ ಎಂದು ಹೆಂಡತಿ ಬೈದಳು. ಹೌದೆನ್ನಬೇಕಾದವನು ನಾನಲ್ಲ, ಅಪ್ಪ. ಅವನು ಯಾವಾಗಲೋ ಹೋಗಿಬಿಟ್ಟ.

ಬರುವ ಭಾನುವಾರ ಅದೇ ಮಹಡಿಯಲ್ಲಿ ಸಂತಾಪ ಸಭೆ. ಶಿಷ್ಯರ ಪರವಾಗಿ ನೀವು ಎರಡು ಮಾತಾಡಿ ಎಂದು ಕರೆ ಬಂದಿದೆ. ಹೋಗುತ್ತೇನೆ. ಈ ಸಲ ಮೊದಲೇ ತೆಲುಗಿನಲ್ಲಿ ಹೇಳುತ್ತೇನೆ.