ಮಾವನ ಪಿಕಪ್ಪಿಗೆ ಇಂಜಿನ್ ಹುಡುಕಿದ್ದು

ಕಂಪ್ಲಿಯ ಪಂಪಣ್ಣ ಮಾವನಿಗೆ ಡೀಸೆಲ್ ಇಂಜಿನ್‌ಗಳೆಲ್ಲ ಮನೆಮಂದಿ ಇದ್ದಂತೆ. ಟರ್ಬೊ ಇಲ್ಲದ ಹಳೇ ಕಾಲದ ಇಂಜಿನ್ ಅವರ ಅಪ್ಪ: "ಸಿಟ್ಟು ಭಾಳ, ಹೊಗಿ ಭಾಳ, ಆದ್ರ ಕೆಲಸ ಬಿಡಾಂಗಿಲ್ಲ." ಆಮೇಲೆ ಬಂದ ಟರ್ಬೊ ಇಂಜಿನ್ ಸ್ವತಃ ತಾವು: "ಏಳೂದು ತಡ, ಎದ್ದಮ್ಯಾಗ ಹಿಡಿಯೋರಿಲ್ಲ." ಕಂಪ್ಯೂಟರ್ ಇರುವ ಈಗಿನದು ಅಳಿಯ: "ಭಾಳ ಶ್ಯಾಣ್ಯಾ. ಒಂದು ವೈರ್ ಸರಿದ್ರ ಮುನಿಸ್ಕೊಂಡು ಕುಂದರ್ತಾನ." ಆ ಮನೆಗೆ ಒಬ್ಬನೇ ಅಳಿಯ ನಾನು.

ಮಾವನದು ಅಕ್ಕಿ ಗಿರಣಿ. ಹರೆಯದಲ್ಲಿ ಭತ್ತ ಹೇರಿಕೊಂಡು ಓಡಿಸುತ್ತಿದ್ದ ಪಿಕಪ್ಪು ಇಂಜಿನ್ ಇಲ್ಲದೆ ಶೆಡ್ಡಿನಲ್ಲಿ ನಿಂತಿತ್ತು. ದೃಷ್ಟಿ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ ವಾರವೇ ಮಾವ ನನಗೆ ಫೋನ್ ಮಾಡಿದರು.

"ಅಳಿಯಂದ್ರ, ಕಣ್ಣು ಹೋಗೂದ್ರಾಗ ಒಮ್ಮೆ ಅದನ್ನ ಓಡಸ್ಬೇಕು. ಯಾವ ಇಂಜಿನ್ ಹಾಕ್ಸೂಣು, ಬರ್ರಿ."

ಹೊಸಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನನ್ನು ಕೇಳುವ ಪ್ರಶ್ನೆಯೇ ಅದು? ಆದರೆ ನಾನು ಮೊಬೈಲಿನಲ್ಲಿ ಇಂಜಿನ್ ವಿಡಿಯೊ ನೋಡುತ್ತಿದ್ದೆ. ಮಾವ ಟರ್ಬೊ ಎಂದರು. ನಾನು ಮೈಲೇಜು, ಟಾರ್ಕು ಎಂದೆಲ್ಲ ಭಾಷಣ ಮಾಡಿ ಕಂಪ್ಯೂಟರ್ ಇರುವ ಹೊಸದೇ ಬೇಕೆಂದು ಹಟ ಹಿಡಿದೆ.

"ಅಳಿಯ ಅಳಿಯನ್ನ ಆರಿಸ್ಯಾನ, ಆಗ್ಲಿ," ಎಂದರು.

ಹೊಸ ಇಂಜಿನ್ ಕೂರಿಸಿದ ಮೇಲೆ, ಮೊದಲು ನಾನೇ ಓಡಿಸಿ ನೋಡುವುದೆಂದು ಸಂಡೂರಿಗೆ ಹೊರಟೆವು. ಏರಿನ ನಡುವೆ ಸ್ಟೇರಿಂಗ್ ಮುಂದಿನ ಹಳದಿ ಎಚ್ಚರಿಕೆ ದೀಪ ಹತ್ತಿತು. ಬಂಡಿ ಕುಂಟುತ್ತ ನಿಂತೇಬಿಟ್ಟಿತು. ಹಿಂದೆ ಅದಿರು ಲಾರಿಗಳ ಹಾರನ್ನು. ನಾನು ಬಾನೆಟ್ ಎತ್ತಿ, ತಿಳಿದವನಂತೆ ಒಳಗೆ ನೋಡುತ್ತ ನಿಂತೆ.

"ಮುನಿಸ್ಕೊಂಡನೇನ್ರಿ?" ಪಕ್ಕದ ಸೀಟಿನಿಂದಲೇ ಮಾವ ಕೇಳಿದರು.

ಟ್ರ್ಯಾಕ್ಟರು ಎಳೆದು ತಂದ ಬಂಡಿ ಒಂದು ಬಿಡಿಭಾಗಕ್ಕಾಗಿ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಕಾಯಿತು. ಅಷ್ಟರಲ್ಲಿ ಮಾವನ ಒಂದು ಕಣ್ಣು ಪೂರ್ತಿ ಹೋಗಿ, ಇನ್ನೊಂದು ಮಸುಕಾಯಿತು. ನಾನು ತಲೆ ತಗ್ಗಿಸಿ ಟರ್ಬೊ ಹುಡುಕುತ್ತೇನೆ ಎಂದೆ. ಬೇಡವೆಂದರು.

"ನಾನೂ ಬ್ಯಾಡ, ನೀವೂ ಬ್ಯಾಡ. ನಮ್ಮಪ್ಪನ್ನ ಕರಸ್ರಿ. ಅವ ಇದ್ದಾಗ ಅವನ ಕೂಡ ನೆಟ್ಟಗ ಮಾತಾಡ್ಲಿಲ್ಲ ನಾ."

ತೋರಣಗಲ್ಲಿನ ಗುಜರಿಯಲ್ಲಿ ಹಳೇ ಇಂಜಿನ್ ಸಿಕ್ಕಿತು. ಅದನ್ನು ಕೂರಿಸುವ ಹೊತ್ತಿಗೆ ಮಾವನಿಗೆ ಬೆಳಕು, ನೆರಳು ಮಾತ್ರ ಗೊತ್ತಾಗುತ್ತಿತ್ತು. ಗಿರಣಿ ಹಿಂದೆ ಭತ್ತ ಒಣಗಿಸುವ ಅಂಗಳ ವಿಶಾಲವಾಗಿತ್ತು. ಆಳುಗಳನ್ನೆಲ್ಲ ಆಚೆ ಕಳಿಸಿ, ಅಲ್ಲಿಯೇ ಸ್ಟೇರಿಂಗ್ ಹಿಡಿದರು. ದಾರಿ ಹೇಳುವುದು ನನ್ನ ಕೆಲಸ. ಎರಡು ಸುತ್ತು ಚೆನ್ನಾಗಿ ಹೋಯಿತು. ಮೂರನೆಯದರಲ್ಲಿ ನಾನು ಗಾಬರಿಬಿದ್ದು ಬಲಕ್ಕೆ ಅನ್ನಬೇಕಾದಲ್ಲಿ ಎಡಕ್ಕೆ ಅಂದೆ. ಬಂಡಿ ಭತ್ತದ ರಾಶಿಗೆ ನುಗ್ಗಿತು.

"ಅಳಿಯಂದ್ರ, ಕಣ್ಣು ಹೋಗಿದ್ದು ನನಗೋ ನಿಮಗೋ?"

ನಕ್ಕು ನಕ್ಕು ಅವರ ಕೆನ್ನೆ ಒದ್ದೆಯಾಯಿತು. ರಿವರ್ಸ್ ತೆಗೆದು, ನನ್ನನ್ನು ಸುಮ್ಮನಿರಲು ಹೇಳಿ, ಸಾಕೆನಿಸುವವರೆಗೆ ಸುತ್ತಿದರು. ಇಂಜಿನ್ ಆಫ್ ಮಾಡಿದ ಮೇಲೂ ಇಳಿಯಲಿಲ್ಲ. "ಒಂದೀಟು ಕುಂದ್ರೂಣ್ರಿ," ಎಂದರು. ಕುಳಿತೆವು.

ನಾನು ಅವರನ್ನು ಕೊನೆಯ ಸಲ ಕಂಡಿದ್ದು ಅಂದೇ. ಮುಂದಿನ ಸುಗ್ಗಿಗೆ ಮಾವ ಇರಲಿಲ್ಲ. ಪಿಕಪ್ಪನ್ನು ಅತ್ತೆ ನನಗೆ ಕೊಟ್ಟರು. ಅದರಲ್ಲಿ ಅಂಗಡಿಗೆ ಸೀರೆಯ ಗಂಟು ತರುತ್ತೇನೆ. ಪಕ್ಕದ ಸೀಟಿನ ಮೇಲೆ ಮಾತ್ರ ಏನೂ ಇಡುವುದಿಲ್ಲ. ಯಾರಾದರೂ ಕೇಳಿದರೆ ಸ್ಪ್ರಿಂಗ್ ಮುರಿದಿದೆ ಎನ್ನುತ್ತೇನೆ.