ಗುಲಾಬಸಾಬರು ತೋಟ ಬಿಟ್ಟದ್ದು

ಗುಲಾಬಸಾಬರು ತಮ್ಮ ಪೇರಲ ತೋಟವನ್ನು ಮಗಳಿಗೆ ಕೊಟ್ಟದ್ದು ಒಂದು ಸಲವಲ್ಲ. ರಂಜಾನಿನಲ್ಲಿ ಕೊಟ್ಟರು, ಬಕ್ರೀದಿನಲ್ಲಿ ಮತ್ತೆ ಕೊಟ್ಟರು, ಜ್ವರ ಬಂದಾಗ ಮಂಚದ ಸುತ್ತ ಮಂದಿ ಕೂಡಿಸಿ ಇನ್ನೊಮ್ಮೆ ಕೊಟ್ಟರು. ಜ್ವರ ಇಳಿದದ್ದೇ ತಡ, ಕೋಲೂರಿಕೊಂಡು ತೋಟಕ್ಕೆ ಹೋಗಿ, "ಈ ಪಾತಿಗೆ ಯಾರು ನೀರು ಬಿಟ್ಟವ್ರು?" ಎಂದು ಮಗಳನ್ನೇ ಗದರಿಸಿದರು. ಇಷ್ಟು ಸಲ ಕೊಟ್ಟರೂ ಸವೆಯದ ಆಸ್ತಿ ಧಾರವಾಡದ ಸುತ್ತ ಮತ್ತೊಂದಿರಲಿಲ್ಲ.

ಮಗಳು ಖಾತುನಬಿ ಗಂಡ ತೀರಿದ ಮೇಲೆ ತವರಿಗೆ ಬಂದವಳು. ಅಣ್ಣ ಕಮರುದ್ದೀನ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಸೇರಿದಾಗಿನಿಂದ ಗಿಡ ಸವರುವುದು, ನೀರುಣಿಸುವುದು, ಗಿಳಿ ಓಡಿಸುವುದು ಎಲ್ಲ ಅವಳದೇ. ತಂದೆಯ ಹಿಂದೆ ತೋಟ ಶರೀಯತ್ತಿನಂತೆ ಪಾಲಾದರೆ ಎರಡು ಪಾಲು ಅಣ್ಣನದು, ಒಂದು ಅವಳದು. ತನ್ನದನ್ನು ಇಟ್ಟಂಗಿ ಭಟ್ಟಿಯವನಿಗೆ ಮಾರುವುದಾಗಿ ಕಮರುದ್ದೀನ ಎಲ್ಲರೆದುರೇ ಹೇಳಿದ್ದ.

"ಕೊಟ್ಟೆ ಅಂದ್ರ ಸಾಲೂದಿಲ್ರಿ ಸಾಬ್ರ, ಬಿಟ್ಟು ಹೊರಗ ಬರಬೇಕು," ಎಂದಿದ್ದರು ಖಾಜಿಯವರು. "ಯಜಮಾನಿಕಿ ಆಕೀ ಕೈಗೆ ಹೋಗಿದ್ದು ಮಂದಿ ಕಣ್ಣಿಗೆ ಬೀಳಬೇಕು. ಇಲ್ಲಾಂದ್ರ ನಿಮ್ಮ ಹಿಂದ ಹುಡುಗ ಪಾಲು ಕೇಳಿದ್ರ ನನಗ ಇಲ್ಲ ಅನ್ನಾಕ ಬರೂದಿಲ್ಲ."

"ದಿನಾ ಕೊಡಾಕತ್ತೇನಲ್ರಿ."

"ಅದಕ್ಕ ಹೇಳಾಕತ್ತೇನಿ."

ಗುಲಾಬಸಾಬರಿಗೆ ಸಾಕಾಗಿತ್ತು. ತೋಟ ಇಟ್ಟುಕೊಳ್ಳಲು ಮೊಣಕಾಲು ಒಪ್ಪುತ್ತಿರಲಿಲ್ಲ. ಬಿಡಲು ಗದರುವ ನಾಲಿಗೆ ಒಪ್ಪುತ್ತಿರಲಿಲ್ಲ. ಎರಡನೇ ಮಹಾಯುದ್ಧ ಶುರುವಾದ ವರ್ಷದ ಫಸಲನ್ನು ಮಗಳೇ ಮಾರಲಿ, ನೆರೆಯವರು ನೋಡಲಿ ಎಂದು ಕೊನೆಗೆ ತೀರ್ಮಾನಿಸಿದರು.

ಹುಬ್ಬಳ್ಳಿ ದುರ್ಗದಬೈಲಿನ ಹಣ್ಣಿನ ವ್ಯಾಪಾರಿ ಮಡಿವಾಳಪ್ಪ ಗಾಡಿ ಕಟ್ಟಿಕೊಂಡು ಬಂದ. ನೆರೆಯವರು ಬಂದು ಕೂತರು. ರಜೆಯ ಮೇಲೆ ಬಂದಿದ್ದ ಕಮರುದ್ದೀನ ಬಾವಿಯ ಕಟ್ಟೆ ಹಿಡಿದ. ಮಡಿವಾಳಪ್ಪ ಗಿಡಗಳನ್ನೆಲ್ಲ ನೋಡಿ ಬಂದು, ಹೆಗಲ ಮೇಲಿನ ವಲ್ಲಿಯನ್ನು ತನ್ನ ಕೈಮೇಲೆ ಹಾಸಿದ. ವಲ್ಲಿಯ ಕೆಳಗೆ ಕೈಹಿಡಿದು ಬೆರಳು ಒತ್ತಿ ದರ ಹೇಳುವುದು ಹಣ್ಣಿನ ವ್ಯಾಪಾರಿಗಳ ರೂಢಿ. ಪಕ್ಕದಲ್ಲಿ ಕೂತವನಿಗೂ ತಿಳಿಯದು. ಗುಲಾಬಸಾಬರ ಕೈ ಯಜಮಾನನನ್ನು ಕೇಳದೆಯೇ ಒಳಗೆ ಹೋಯಿತು.

ಕಮರುದ್ದೀನ ನಕ್ಕ. "ನೋಡ್ರಿ, ಕೊಟ್ಟಾರಂತ ತೋಟ. ಬಾಯಿ ಕೊಟ್ಟೈತಿ, ಕೈ ಇನ್ನೂ ಕೊಟ್ಟಿಲ್ಲ."

"ಅಬ್ಬಾಜಾನ, ಕೈ ತಗೀರಿ," ಎಂದಳು ಖಾತುನಬಿ.

ಮಡಿವಾಳಪ್ಪನ ಬೆರಳು ಆಗಲೇ ಒಂದು ಛಲೋ ದರ ಹೇಳಿಬಿಟ್ಟಿತ್ತು. ಒಪ್ಪಿ ಒಮ್ಮೆ ಒತ್ತಿದರೆ ವ್ಯಾಪಾರ ಮುಗಿಯಿತು, ಮಗಳ ತೋಟವೂ ಮುಗಿಯಿತು. ಗುಲಾಬಸಾಬರು ಮುಳ್ಳುಬೇಲಿಯಿಂದ ಬಿಡಿಸಿಕೊಳ್ಳುವಂತೆ ಮೆಲ್ಲಗೆ ಕೈ ಹೊರತೆಗೆದರು. "ಆಕೀನ್ನ ಕೇಳ್ರಿ. ಇಲ್ಲೆ ನಂದೇನೂ ಇಲ್ಲ."

"ಹೆಣ್ಣಮಗಳ ಕೈ ನಾ ಹೆಂಗ ಹಿಡೀಲಿ?" ಮಡಿವಾಳಪ್ಪ ಕಂಗಾಲಾದ.

"ಹಿಡೀಬ್ಯಾಡ್ರಿ ಕಾಕಾ. ಬಾಯಿಲೆ ಹೇಳ್ರಿ."

"ಇಷ್ಟು ಮಂದಿ ಮುಂದ?"

"ಕದ್ದ ಕಾಯಿ ಏನ್ರಿ ಇವು?"

ಜನ್ಮದಲ್ಲಿ ದರವನ್ನು ಬಾಯಿಬಿಟ್ಟು ಹೇಳದ ಮನುಷ್ಯ ಅತ್ತಿತ್ತ ನೋಡಿ ಒಂದು ದರ ಹೇಳಿದ. ನಾಚಿಕೆ ಎಷ್ಟಿದ್ದರೂ ವ್ಯಾಪಾರಿ ವ್ಯಾಪಾರಿಯೇ: ಬೆರಳು ಹೇಳಿದ್ದಕ್ಕಿಂತ ಅದು ಕಡಿಮೆಯಿತ್ತು.

ಗುಲಾಬಸಾಬರು ಬಾಯಿ ತೆರೆದರು. ಕಮರುದ್ದೀನ ಅವರನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದರು. ಖಾತುನಬಿ ಒಲ್ಲೆನೆಂದಳು, ಗಾಡಿ ಹೊಡೆಯಿರಿ ಎಂದಳು, ಜಗ್ಗಾಡಿ ದರ ಏರಿಸಿದಳು. ಆದರೂ ಬೆರಳಿನ ಮಾತಿಗೆ ಮುಟ್ಟಲಿಲ್ಲ. ಕಡಿಮೆ ಬಿದ್ದಷ್ಟನ್ನೂ ಗುಲಾಬಸಾಬರು ಸದ್ದಿಲ್ಲದೆ ನುಂಗಿಕೊಂಡರು.

ಮಂದಿ ಎದ್ದರು. ಪ್ರತಿ ಸಲ ಯಾರನ್ನೂ ಕೇಳದೆ ಬುಟ್ಟಿ ತುಂಬಿಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದ ಕಮರುದ್ದೀನ ಈಗ ಖಾಲಿ ಬುಟ್ಟಿ ಹಿಡಿದು ನಿಂತ. ತಂದೆಯ ಕಡೆ ನೋಡಿದ. ತಂದೆ ರಸ್ತೆಯ ಕಡೆ ನೋಡುತ್ತಿದ್ದರು.

"ತಂಗೀ, ಒಂದ್ ಬುಟ್ಟಿ ಒಯ್ಲೇನು?"

"ಉದುರಿದ್ದು ಆರಿಸ್ಕೊ ಅಣ್ಣಾ. ಗಿಡದ ಮ್ಯಾಲಿನವು ಕಾಕಾನವು."

ಕಮರುದ್ದೀನ ಬಗ್ಗಿ ಆರಿಸತೊಡಗಿದ. ತೋಟ ಯಾರದೆಂದು ಇನ್ನು ಖಾಜಿಯನ್ನು ಕೇಳಬೇಕಾಗಿರಲಿಲ್ಲ. ಎದೆ ಹಗುರಾದೀತೆಂದು ಗುಲಾಬಸಾಬರು ಕಾದರು. ಆದದ್ದು ಬರೀ ದಣಿವು.

"ಗಾಡ್ಯಾಗ ಜಾಗಾ ಐತೇನ್ರಿ ಮಡಿವಾಳಪ್ಪಾ? ಮನೀತನಕ ಬಿಡ್ರಿ."

"ಕೂಡ್ರಿ." ಗಾಡಿ ಸ್ವಲ್ಪ ದೂರ ಬಂದ ಮೇಲೆ ಮಡಿವಾಳಪ್ಪ ದನಿ ತಗ್ಗಿಸಿದ. "ಬೆರಳು ಹೇಳಿದ್ದು ಮಗಳಿಗೆ ಹೇಳಬ್ಯಾಡ್ರಿ ಮತ್ತ."

"ಯಾರ ವ್ಯಾಪಾರನೋ ಅದು. ನನಗೇನ ಗೊತ್ತು," ಎಂದು ಗುಲಾಬಸಾಬರು ಕಣ್ಣು ಮುಚ್ಚಿದರು.